ಕಾಶವ್ವನ ಭರಣಿ

ಆಡಿದ ಮಾತಿಗೆ ಉಪ್ಪು ಬೆರೆಸಿ ಭರಣಿಯಲ್ಲಿ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ ಎಂಬುದನ್ನು ಧಾರವಾಡದ ಯಾವ ಅಜ್ಜಿಯಾದರೂ ಹೇಳುತ್ತಾಳೆ. ಮುಚ್ಚಳ ತೆಗೆದರೆ ಮಾತ್ರ ಅದು ಒಂದೇ ಒಂದು ಸಲ ಕೇಳಿಸಿ ಗಾಳಿಯ ಪಾಲು.

ಕಾಶವ್ವ ತನ್ನ ಗಂಡನ ಒಂದು ಅಬ್ಬರವನ್ನು ಹಾಗೆ ಹಿಡಿದು, ಕಾನೂನು ವಿದ್ಯಾರ್ಥಿಗಳ ಉಚಿತ ನೆರವಿನ ಕೋಣೆಗೆ ತಂದಿಟ್ಟಿದ್ದಳು. ಅವನು ಮನೆಯತ್ತ ಸುಳಿಯದಂತೆ ನಾಳೆ ಕೋರ್ಟು ಆದೇಶ ಕೊಡಬೇಕಾದರೆ, ಅವಳ ಕೈ ಮುರಿದವನು ಅವನೇ ಎನ್ನಲು ಇದ್ದ ಸಾಕ್ಷಿ ಅದೊಂದೇ.

ಅವಳ ಅರ್ಜಿ ಬರೆದ ವಿದ್ಯಾರ್ಥಿನಿ ಶಾಂಭವಿ ಊಟದ ಹೊತ್ತಿಗೆ ಮೊಸರನ್ನದ ಡಬ್ಬಿ ಬಿಚ್ಚಿದಳು. ಎಲ್ಲೋ ಮನಸ್ಸಿಟ್ಟು, ಉಪ್ಪಿನಕಾಯಿಯೆಂದು ಆ ಭರಣಿಯ ಮುಚ್ಚಳ ತಿರುಗಿಸಿದಳು.

"ಒಂದ ಕೈ ಮುರದೀನಿ, ಇನ್ನೊಂದೂ ಮುರೀತೀನಿ! ಮದಲ ಚಾ ಮಾಡು!"

ಜೊತೆಗೆ ಉಣ್ಣುತ್ತಿದ್ದ ಉಳಿದ ಐವರು ವಿದ್ಯಾರ್ಥಿಗಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಬಾಗಿಲಲ್ಲಿ ಕಾಶವ್ವನೂ ನಿಂತಿದ್ದಳು.

"ತಪ್ಪಾತ್ರಿ ಕಾಶವ್ವ, ನಾ ಉಪ್ಪಿನಕಾಯಿ ಅಂತ ತಿಳಕೊಂಡು..." ಶಾಂಭವಿಗೆ ಅಳುವುದೊಂದು ಬಾಕಿ.

ಕಾಶವ್ವ ಖಾಲಿ ಭರಣಿಯೊಳಗೆ ಇಣುಕಿದಳು. "ಇಷ್ಟ ಏನು? ಮನ್ಯಾಗ ಭಾಳ ದೊಡ್ಡದು ಕೇಳಸ್ತಿತ್ತಲ್ಲ! ಎರಡೂ ಕೈ ಮುರದ ಮ್ಯಾಲೆ ಚಾ ಯಾರು ಮಾಡಬೇಕಂತ?"

ಯಾರೋ ಕಿಸಕ್ಕೆಂದರು. ಅವಳೂ ನಕ್ಕಳು.

"ನಾಳೆ ಸಾಕ್ಷಿಗೆ ಏನ ಮಾಡೋದ್ರಿ?" ಶಾಂಭವಿ ಕೇಳಿದಳು.

"ಭರಣಿ ಒಂದ ಸಲ ಹೇಳ್ತಿತ್ತು, ತಂಗಿ. ನೀವು ಆರು ಮಂದಿ ವಕೀಲರು ಕಿವಿಯಾರೆ ಕೇಳೀರಿ, ಕೋರ್ಟಿನ್ಯಾಗ ಕೇಳಿದಷ್ಟು ಸಲ ಹೇಳ್ತೀರಿ. ಸಾವಕಾಶ ಉಣ್ರಿ, ನಾಳೆ ಗಂಟಲ ಗಟ್ಟಿ ಇರಬೇಕು."