ತಿಕೋಟಾದ ಅಳತೆ

ಆ ಹಾಳೆಗಳನ್ನು ಡಾ. ಸುಭಾಷ ಉಕ್ಕಲಿ ಮೂರು ಪ್ರತಿ ಜೆರಾಕ್ಸ್ ಮಾಡಿಸಿದರು. ಒಂದು ಹೊರಗಿನಿಂದ ಬರುವ ಪರೀಕ್ಷಕರಿಗೆ, ಒಂದು ಪ್ರಾಚಾರ್ಯರಿಗೆ, ಇನ್ನೊಂದು ತಮಗೇ, ಆಗಾಗ ತೆಗೆದು ನೋಡಿಕೊಳ್ಳಲು. ಪುಟದ ತುಂಬ ಕೆಂಪು ಗೆರೆಗಳು. ಅವರ ವಿದ್ಯಾರ್ಥಿನಿ ರುಕ್ಸಾರಳ ಎಂ.ಟೆಕ್ ಪ್ರಬಂಧದ ನಾಲ್ಕನೇ ಅಧ್ಯಾಯ, ಉಕ್ಕಲಿಯವರೇ ಐದು ತಿಂಗಳ ಹಿಂದೆ ಪ್ರಕಟಿಸಿದ ಲೇಖನದೊಂದಿಗೆ ಸಾಲಿಗೆ ಸಾಲು ಹೊಂದುತ್ತಿತ್ತು. ನಕಲನ್ನು ಕಂಪ್ಯೂಟರೇ ಹಿಡಿದುಕೊಟ್ಟಿತ್ತು.

ಹನ್ನೊಂದಕ್ಕೆ ವೈವಾ. ಹನ್ನೆರಡರೊಳಗೆ ಹುಡುಗಿ ಕಾಲೇಜಿನ ಹೊರಗೆ.

ಈ ದಿನಕ್ಕಾಗಿ ಅವರು ಒಂದು ವರ್ಷ ಕಾದಿದ್ದರು. ಕಳೆದ ಬೇಸಿಗೆಯಲ್ಲಿ ರುಕ್ಸಾರ ಪ್ರಾಚಾರ್ಯರಿಗೆ ಅರ್ಜಿ ಕೊಟ್ಟಿದ್ದಳು. ಬೋರ್‌ವೆಲ್ ಮೋಟರಿನ ವೈಂಡಿಂಗ್ ಸುಡುವ ಮೊದಲೇ ಅದನ್ನು ಕರೆಂಟಿನ ಏರಿಳಿತದಿಂದ ಪತ್ತೆ ಹಚ್ಚುವ ಅವಳ ಕಂಪ್ಯೂಟರ್ ಪ್ರೋಗ್ರಾಮಿನ ಕೆಲಸವನ್ನು ಗೈಡ್ ಉಕ್ಕಲಿ ತಮ್ಮೊಬ್ಬರ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡಿದ್ದಾರೆ ಎಂದು. ಪ್ರಾಚಾರ್ಯರು ಉಕ್ಕಲಿಯವರನ್ನು ಕರೆಸಿ, ಸಿಪಾಯಿಯ ಎದುರಿಗೇ ಎರಡು ಮಾತು ಕೇಳಿದರು. ಅಷ್ಟೇ. ಅರ್ಜಿ ಕಪಾಟು ಸೇರಿತು. ಆದರೆ ಇಪ್ಪತ್ತೆರಡು ವರ್ಷ ಪಾಠ ಮಾಡಿದವರಿಗೆ ಆ ಎರಡು ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿದವು.

ಅವಳನ್ನು ಅವರು ಬಯ್ಯಲಿಲ್ಲ. ಅವಳ ಪಾಳಿಯ ಲ್ಯಾಬ್ ಸಮಯವನ್ನು ಬೇರೆಯವರಿಗೆ ಕೊಟ್ಟರು. ತಿಕೋಟಾದಿಂದ ಬೆಳಗಿನ ಬಸ್ಸಿಗೆ ಬಂದವಳನ್ನು ಮಧ್ಯಾಹ್ನದವರೆಗೆ ಕ್ಯಾಬಿನ್ನಿನ ಹೊರಗೆ ನಿಲ್ಲಿಸಿದರು. ಮಾಡಿದ್ದನ್ನೇ ಮತ್ತೆ ಮಾಡಿಸಿದರು. ಅವಳು ತುಟಿ ಬಿಚ್ಚಲಿಲ್ಲ. ಹೆದರಿದ್ದಾಳೆ ಎಂದುಕೊಂಡರು. ಅವಳ ಮನೆ ಎಂಥದು, ಮನೆಯಲ್ಲಿ ಯಾರಿದ್ದಾರೆ ಎಂದು ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೇಳುವ ಅಗತ್ಯವೂ ಕಂಡಿರಲಿಲ್ಲ.

ಒಮ್ಮೆ ಮಾತ್ರ ಅವಳು, ಅಳತೆ ತೆಗೆದುಕೊಳ್ಳುವ ಜಾಗಗಳನ್ನು ಒಂದು ಸಲ ಬಂದು ನೋಡಿ ಎಂದು ಕೇಳಿದ್ದಳು. ಈ ಬಿಸಿಲಿನಲ್ಲಿ ಹೊಲ ಸುತ್ತುವುದು ತಮ್ಮ ಕೆಲಸವಲ್ಲ ಎಂದು ಉಕ್ಕಲಿ ಹೇಳಿ ಕಳಿಸಿದ್ದರು.

ಅದಾದ ಕೆಲವು ದಿನಕ್ಕೆ ಲ್ಯಾಬಿನ ಕಂಪ್ಯೂಟರಿನಲ್ಲಿ ಅವಳ ಹೊಸ ಫೈಲು ಕಣ್ಣಿಗೆ ಬಿತ್ತು. ತಿಕೋಟಾದ ಒಂದು ಮೋಟರು. ವಾರಕ್ಕೊಮ್ಮೆಯಂತೆ ಹನ್ನೊಂದು ತಿಂಗಳ ಅಳತೆ: ಕರೆಂಟು, ವೋಲ್ಟೇಜು, ಕಾವು. ಒಂದು ವಾರವೂ ಖಾಲಿ ಇಲ್ಲ. ಜಾಗದ ಸರ್ವೆ ನಂಬರು, ರೈತನ ಹೆಸರು ಬಾಬುಸಾಬ, ಎಲ್ಲ ಅಚ್ಚುಕಟ್ಟು. ವಿದ್ಯಾರ್ಥಿಯ ಕೆಲಸವೆಂದರೆ ಗೈಡಿನ ಕೆಲಸವೇ ಅಲ್ಲವೇ? ಅವರು ಪೆನ್‌ಡ್ರೈವ್ ಚುಚ್ಚಿದರು. ಮೊದಲ ಪುಟದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಇತ್ತು. ತಂದೆತಾಯಿಗೆ ಕೃತಜ್ಞತೆ ಇದ್ದೀತೆಂದು ಓದದೆಯೇ ಕಿತ್ತುಹಾಕಿದರು. ಉಳಿದದ್ದನ್ನು ತಮ್ಮ ಹೆಸರಿನ ಲೇಖನ ಮಾಡಿ, ಕೊನೆಗೆ ಒಂದು ಸಾಲು ಸೇರಿಸಿದರು: ಎಲ್ಲ ಅಳತೆಗಳನ್ನು ಲೇಖಕರೇ ಸ್ಥಳಕ್ಕೆ ಹೋಗಿ ಪಡೆದಿದ್ದಾರೆ.

ಅದೇ ಅಂಕಿಗಳನ್ನು ಅವಳು ಪ್ರಬಂಧದಲ್ಲಿ ಹಾಕಿಯೇ ಹಾಕುತ್ತಾಳೆಂದು ಅವರಿಗೆ ಗೊತ್ತಿತ್ತು. ಹಾಕಿದಳು. ಅವರು ಪುಟ ತೆರೆಯದೆಯೇ ಸಹಿ ಮಾಡಿ ಮುಂದೆ ಕಳಿಸಿದರು.

ಬೆಳಗಾವಿಯಿಂದ ಬಂದ ಪರೀಕ್ಷಕಿ ಡಾ. ಲಲಿತಾ ಕಡಿಮೆ ಮಾತಿನವರು. ಅವರ ಮುಂದಿದ್ದ ಪ್ರಬಂಧದ ತುಂಬ ಗುರುತಿನ ಚೀಟಿಗಳು. ಉಕ್ಕಲಿ ಹಾಳೆಗಳನ್ನು ಮುಂದಿಟ್ಟು, ಇಂಥ ಶಿಷ್ಯೆ ಸಿಕ್ಕಿದ್ದಕ್ಕೆ ತಮಗೇ ನಾಚಿಕೆ ಎಂದರು. ಲಲಿತಾ ಕೆಂಪು ಗೆರೆಗಳ ಮೇಲೆ ಕಣ್ಣಾಡಿಸಿ, ಎರಡೂ ಒಂದೇ ಏನು ಎಂದು ಹುಡುಗಿಯನ್ನು ಕೇಳಿದರು.

"ಹೌದ್ರಿ ಮೇಡಂ," ಎಂದಳು ರುಕ್ಸಾರ. "ಒಂದ ಅಂಕಿನೂ ಬ್ಯಾರೆ ಇಲ್ಲ."

ಪ್ರಾಚಾರ್ಯರು ಕನ್ನಡಕ ತೆಗೆದರು. ಉಕ್ಕಲಿಯವರ ಹೊಟ್ಟೆ ತಣ್ಣಗಾಯಿತು.

ಲಲಿತಾ ಉಕ್ಕಲಿಯವರತ್ತ ತಿರುಗಿದರು. "ಸರ್, ಈ ಅಳತಿ ನೀವ ಸ್ವತಃ ಹೋಗಿ ತಗೊಂಡೀರೇನ್ರಿ?"

"ಹನ್ನೊಂದ ತಿಂಗಳ್ರಿ ಮೇಡಂ. ಒಂದ ವಾರಾನೂ ತಪ್ಪಿಸಿಲ್ಲ."

"ಆ ರೈತ ಭೆಟ್ಟಿ ಆಗ್ತಿದ್ದರೇನ್ರಿ?"

"ಬಾಬುಸಾಬ? ಭಾಳ ಛಲೋ ಮನಷ್ಯಾರಿ. ಹೋದಾಗೊಮ್ಮೆ ಚಾ ಕುಡಸದ ಬಿಡತಿರಲಿಲ್ಲ. ಹೋದ ತಿಂಗಳನೂ ಮಾತಾಡಿಸಿ ಬಂದೇನಿ."

ಪ್ರಕರಣಕ್ಕೆ ಬೇಕಾಗುತ್ತದೆ, ಇಷ್ಟನ್ನೂ ಬರೆದು ಸಹಿ ಮಾಡಿಕೊಡಿ ಎಂದರು ಲಲಿತಾ. ಉಕ್ಕಲಿ ಲಲಿತಾ ಅವರ ಪೆನ್ನನ್ನೇ ಇಸಿದುಕೊಂಡು ಬರೆದರು. ಬಾಬುಸಾಬನ ಚಹಾವನ್ನೂ ಬಿಡಲಿಲ್ಲ. ಸಹಿ ಹಾಕಿ, ಕೆಳಗೆ ತಾರೀಖು ಬರೆದರು. ರುಕ್ಸಾರ ಆ ಪೆನ್ನು ಹಾಳೆಯ ಮೇಲೆ ಓಡುವುದನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದೀತೆಂದು ಉಕ್ಕಲಿ ಒಮ್ಮೆ ತಲೆಯೆತ್ತಿದರು. ಬಂದಿರಲಿಲ್ಲ.

ಕಾಗದ ಕೈಗೆ ಬಂದ ಮೇಲೆ ಲಲಿತಾ ನಾಲ್ಕನೇ ಅಧ್ಯಾಯದ ಮೊದಲ ಪುಟ ತೆರೆದು, ಅಲ್ಲಿದ್ದ ಕನ್ನಡದ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿದರು: ಮುಂದಿನ ಅಂಕಿಗಳು ಪ್ರೋಗ್ರಾಮನ್ನು ಪರೀಕ್ಷಿಸಲು ವಿದ್ಯಾರ್ಥಿನಿಯೇ ಕಲ್ಪಿಸಿಕೊಂಡವು. ಇಂಥ ಮೋಟರು ಎಲ್ಲಿಯೂ ಇಲ್ಲ. ನಿಜವಾದ ಮೋಟರುಗಳ ಅಳತೆ ಐದನೇ ಅಧ್ಯಾಯದಲ್ಲಿದೆ.

ಉಕ್ಕಲಿ ಪ್ರಬಂಧವನ್ನು ತಮ್ಮತ್ತ ಎಳೆದುಕೊಂಡು ಆ ಸಾಲುಗಳನ್ನು ನೋಡಿದರು. ಆದರೆ ಸಹಿ ಮಾಡಿಯಾಗಿತ್ತು, ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ. "ಇಕಿ ಸುಳ್ಳ ಬರದಾಳ್ರಿ," ಎಂದರು ಪ್ರಾಚಾರ್ಯರತ್ತ ನೋಡಿ. "ಆ ಹೊಲ ನಾ ಕಣ್ಣಾರೆ ಕಂಡೇನಿ. ಆ ಮನಷ್ಯಾನ ಕೂಡ ಕುಂತ ಮಾತಾಡೇನಿ. ಬೇಕಾದ್ರ ಅವನ್ನ ಇಲ್ಲಿಗೇ ಕರಸ್ರಿ."

ರುಕ್ಸಾರ ಎದ್ದು ನಿಂತಳು. ದನಿ ಏರಿಸಲಿಲ್ಲ.

"ಬಾಬುಸಾಬ ನಮ್ಮಪ್ಪರಿ ಸರ್. ಆ ಸರ್ವೆ ನಂಬರ್ ನಮ್ಮೂರ ಖಬರಸ್ತಾನದ್ದು, ಅವರನ್ನ ಅಲ್ಲಿ ಮಣ್ಣ ಮಾಡಿ ನಾಕ ವರ್ಷ ಆತು."