ಡ್ರ್ಯಾಗನ್ ಸತ್ತ ಮೇಲೆ

ಸೊಸೆ ಅತ್ತೆಯ ಕೋಣೆಗೆ ನುಸುಳಿ ಬಾಗಿಲು ಮುಂದೆ ಮಾಡಿದಳು. ಕೊಲೆ ಇವತ್ತೇ ಆಗಬೇಕಿತ್ತು.

ಅತ್ತೆ ಹಜಾರದಲ್ಲಿ ಮಲಗಿದ್ದರು. ಸೊಸೆ ಹೊಲಿಗೆ ಮಿಷನ್ ತುಳಿಯುವ ಸದ್ದು ಕಿವಿಗೆ ಬಿದ್ದರಷ್ಟೇ ಅವರಿಗೆ ಮಧ್ಯಾಹ್ನದ ನಿದ್ದೆ. ಸದ್ದು ನಿಂತರೆ ತಟ್ಟನೆ ಎಚ್ಚರ. ಹಾಗಾಗಿ ರಜೆಯ ಮೇಲಿದ್ದ ಗಂಡನನ್ನು ಮಿಷನ್ ಮುಂದೆ ಕೂರಿಸಿ ಬಂದಿದ್ದಳು. ಬಸ್ಸು ಓಡಿಸುವ ಕಾಲು, ತುಳಿಯುವುದನ್ನು ಹೇಳಿಕೊಡಬೇಕಿರಲಿಲ್ಲ. ಸೂಜಿಯಲ್ಲಿ ದಾರವಿರಲಿಲ್ಲ, ಅದರ ಕೆಳಗೆ ಬಟ್ಟೆಯೂ ಇರಲಿಲ್ಲ.

“ಮಧ್ಯೆ ಬ್ರೇಕ್ ಹಾಕ್ಬೇಡಿ,” ಎಂದು ಪಿಸುಗುಟ್ಟಿದ್ದಳು.

“ಸಿಗ್ನಲ್ ಬಿದ್ರೆ?”

“ರೀ!”

ಸಾಯಬೇಕಾದದ್ದು ಡ್ರ್ಯಾಗನ್. ಅದು ಇದ್ದದ್ದು ಅತ್ತೆಯ ಕೋಣೆಯ ಟಿವಿಯೊಳಗೆ.

ಆ ವಿಡಿಯೋ ಗೇಮನ್ನು ಕೊಂಡವನು ಗಂಡ. ಎರಡು ವಾರಕ್ಕೇ ಅವನಿಗೆ ಬೇಜಾರು ಬಂತು. ಆಮೇಲೆ ಹಿಡಿದವರು ಅತ್ತೆ. ಐದು ವರ್ಷವಾದರೂ ಬಿಟ್ಟಿರಲಿಲ್ಲ. ಒಳಗೊಂದು ದೊಡ್ಡ ಲೋಕವಿತ್ತು. ಕಾಡು, ಹಿಮದ ಬೆಟ್ಟ, ಕೋಟೆ, ಮಾಟಗಾತಿಯರು. ಎಲ್ಲಿಗೆ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು. ಬೆಂಕಿ ಉಗುಳುವ ಕೆಂಪು ಡ್ರ್ಯಾಗನ್ನನ್ನು ಕೊಂದರೆ ರಾಜ್ಯ ಉಳಿಯುತ್ತದೆ. ಆದರೆ ಅವಸರ ಮಾಡುವವರು ಯಾರೂ ಇಲ್ಲ. ಮಂಡಿನೋವಿಂದ ಬೀದಿಯ ತುದಿಗೂ ಹೋಗಲಾರದ ಅತ್ತೆ ಅಲ್ಲಿ ಸರಸರ ಬೆಟ್ಟ ಹತ್ತುತ್ತಿದ್ದರು. ಈ ಮನೆಯಲ್ಲಿ ಅವರಿಗೆ “ನೀವು ಸುಮ್ನೆ ಕೂತ್ಕೊಳ್ಳಿ” ಅನ್ನುತ್ತಿದ್ದರು. ಅಲ್ಲಿ ಕಂಡಕಂಡವರು ದಾರಿಗೆ ಅಡ್ಡ ನಿಂತು ಸಹಾಯ ಬೇಡುತ್ತಿದ್ದರು. ಅವರಿಗೆ ಅತ್ತೆ ಕಳೆದುಹೋದ ಉಂಗುರ ಹುಡುಕಿಕೊಟ್ಟರು, ಗಂಡಹೆಂಡಿರ ಜಗಳ ಬಿಡಿಸಿದರು, ಮನೆ ಕಟ್ಟಿದರು, ಹುಲ್ಲು ಹಾಕಿ ಒಲಿಸಿಕೊಂಡು ಕೆಂಪಿ ಎಂಬ ಹಸು ಸಾಕಿದರು.

ಅಷ್ಟರಲ್ಲಾಗಲೇ ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು.

“ಡ್ರ್ಯಾಗನ್ ಸಾಯ್ಲಿ, ಆಮೇಲೆ ಆಪರೇಷನ್,” ಎಂದುಬಿಟ್ಟರು ಅತ್ತೆ. “ನಾನು ಹೋಗಿ ಆಸ್ಪತ್ರೇಲಿ ಮಲಗಿದ್ರೆ ಆ ಜನರ ಗತಿ ಏನು?”

ಪೊರೆ ದಪ್ಪವಾದಷ್ಟೂ ಅವರು ಟಿವಿಯ ಹತ್ತಿರ ಸರಿದರು. ಈಚೆಗೆ ಮೂಗು ತಾಗುವುದೊಂದು ಬಾಕಿ. ಮನೆಯವರಿಗೆ ಪರದೆಯ ಬದಲು ಅವರ ಬೆನ್ನಷ್ಟೇ ಕಾಣುತ್ತಿತ್ತು. ಸಮಾಚಾರವೆಲ್ಲ ಊಟದ ಹೊತ್ತಿಗೆ ಬರುತ್ತಿತ್ತು.

“ನಾನು ಕಾಲಿಟ್ಟ ಊರಲ್ಲೆಲ್ಲ ‘ಡ್ರ್ಯಾಗನ್ ಬಂತು, ಓಡಿ’ ಅಂತಾರೆ. ಹಿಂದೆ ಮುಂದೆ ನೋಡೋಷ್ಟರಲ್ಲಿ ಊರೇ ಖಾಲಿ. ಚಾಲಾಕಿ ಮುಂಡೇದು, ಕೈಗೇ ಸಿಗಲ್ಲ.”

“ಅಂಥ ಕಡೆ ಒಬ್ರೇ ಹೋಗ್ತೀರಾ ಅತ್ತೆ?”

“ಕೆಂಪಿ ಬರುತ್ತಲ್ಲ ಜೊತೆಗೆ. ಗೊಡ್ಡು ಕಣೇ ಅದು, ಒಂದು ತೊಟ್ಟು ಹಾಲಿಲ್ಲ. ಆದ್ರೂ ಸಾಕಿದ್ಮೇಲೆ ಬಿಡೋಕಾಗುತ್ತಾ? ಅದರ ಹುಲ್ಲಿಗೆ ನಿನ್ನೆ ಮತ್ತೆ ಬೆಂಕಿ ಬಿತ್ತು. ನೆರೆಯವರ ಹೊಟ್ಟೆಕಿಚ್ಚು, ಇನ್ನೇನು.”

ಕಳೆದ ವಾರ ಕಣ್ಣಿನ ಡಾಕ್ಟರು ಸೊಸೆಯನ್ನು ಪಕ್ಕಕ್ಕೆ ಕರೆದರು. “ಪೊರೆ ಪೂರ್ತಿ ಬಲಿತುಬಿಟ್ಟಿದೆ. ಇನ್ನೂ ತಡ ಮಾಡಿದ್ರೆ ದೃಷ್ಟಿನೇ ಹೋಗಬಹುದು. ಆಮೇಲೆ ನನ್ನ ಕೈಲಿ ಏನೂ ಇಲ್ಲಮ್ಮ.” ಅವತ್ತೇ ಅತ್ತೆ ಗೂಟಕ್ಕೆ ತೂಗುಹಾಕಿದ್ದ ಮಗನ ಕೋಟನ್ನು “ಊಟ ಆಯ್ತೇನೋ?” ಎಂದು ಕೇಳಿದರು. ಉತ್ತರ ಬರದಿದ್ದಕ್ಕೆ ಕಣ್ಣೀರು ಹಾಕಿದರು.

ಸೊಸೆ ನಿರ್ಧಾರ ಮಾಡಿದ್ದು ಆಗಲೇ.

ಅವಳು ಟಿವಿ ಹಾಕಿದಳು. ಪರದೆಯ ಮೇಲೆ ಅತ್ತೆಯ ಅಂಗಳ. ಅತ್ತೆ ಆಡಿಸುತ್ತಿದ್ದ ವೀರನ ಕೈಯಲ್ಲಿ ಕತ್ತಿಯ ಬದಲು ಹುಲ್ಲು ಕೊಯ್ಯುವ ಕುಡುಗೋಲು. ಆಟದ ರಿಮೋಟಿನಲ್ಲಿ ಯಾವ ಗುಂಡಿ ಯಾವುದಕ್ಕೆಂದು ತಿಳಿಯದೆ ಒಂದನ್ನು ಒತ್ತಿದಳು. ವೀರ ಕುಣಿದ. ಇನ್ನೊಂದನ್ನು ಒತ್ತಿದಳು. ಗಿರ್ರನೆ ಹಿಂದಕ್ಕೆ ತಿರುಗಿದ.

ಎದುರಿಗೇ ಡ್ರ್ಯಾಗನ್ ನಿಂತಿತ್ತು.

ಆಟದ ಡಬ್ಬಿಯ ಮೇಲಿನ ಚಿತ್ರದಲ್ಲಿದ್ದ ಅದೇ ಕೆಂಪು ಮೈ, ಅದೇ ರೆಕ್ಕೆ. ಕಿರುಚದಿರಲು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅದು ಹತ್ತಿರ ಬಂತು. ತಲೆ ಬಗ್ಗಿಸಿ ಬಾಯಿ ತೆರೆಯಿತು. ನುಂಗಿಯೇಬಿಟ್ಟಿತು ಅಂದುಕೊಂಡು ಕಣ್ಣು ಮುಚ್ಚಿ, ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದಳು. ಕಣ್ಣು ಬಿಟ್ಟಾಗ ಡ್ರ್ಯಾಗನ್ ಅಡ್ಡಡ್ಡ ಬಿದ್ದಿತ್ತು. ಪರದೆಯೊಳಗೆ ತುತ್ತೂರಿಗಳು ಮೊಳಗಿದವು.

ಹಜಾರದಲ್ಲಿ ಮಿಷನ್ ನಿಂತಿತು. ಗಂಡ ಓಡಿಬಂದ. ಹಿಂದೆಯೇ ಗೋಡೆ ಸವರಿಕೊಂಡು ಅತ್ತೆ ಬಂದರು.

“ಏನೇ ಅದು ಗಲಾಟೆ?”

“ಡ್ರ್ಯಾಗನ್ ಸತ್ತೋಯ್ತು ಅತ್ತೆ. ನಾನೇ ಕೊಂದೆ.”

“ನೀನಾ? ದಾರ ಪೋಣಿಸೋಕೆ ಅರ್ಧ ಗಂಟೆ ತಗೊಳ್ಳೋಳು?”

“ಹೌದಮ್ಮ, ಸತ್ತಿದೆ,” ಎಂದ ಮಗ. “ನಾನೇ ನೋಡ್ತಾ ಇದ್ದೀನಿ.”

ಅತ್ತೆ ಮಂಚದ ಅಂಚಿಗೆ ಕೂತರು. “ಕೆಂಪಿಗೆ ಏನೂ ಆಗಿಲ್ಲ ತಾನೆ?”

“ಯಾವ ಹಸುನೂ ಕಾಣ್ಲಿಲ್ಲ ಅತ್ತೆ. ಹೆದರಿ ಓಡಿರಬೇಕು.”

“ಬರುತ್ತೆ ಬಿಡು. ನನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಅದು.” ನಿಟ್ಟುಸಿರು ಬಿಟ್ಟು ಎದ್ದರು. “ಮಾತು ಕೊಟ್ಟ ಮೇಲೆ ಮುಗೀತು. ಡಾಕ್ಟರಿಗೆ ಹೇಳು.”

ಒಂದು ಕಣ್ಣಾಯಿತು, ಕೆಲವು ವಾರ ಬಿಟ್ಟು ಇನ್ನೊಂದೂ ಆಯಿತು. ಕಪ್ಪು ಕನ್ನಡಕ ತೆಗೆಯಬಹುದೆಂದು ಡಾಕ್ಟರು ಹೇಳಿದ ದಿನ ಅತ್ತೆ ಮನೆಯನ್ನೆಲ್ಲ ಹೊಸಬರಂತೆ ನೋಡಿದರು. ಮಗನಿಗೆ ನರೆ ಬಂದದ್ದು ಕಂಡಿತು. ಸೊಸೆಯ ಕೆನ್ನೆ ಹಿಡಿದು “ಎಷ್ಟು ಸೊರಗಿದ್ದೀಯೇ” ಎಂದರು. ಆಮೇಲೆ ಮಂಚದ ಮೇಲೆ ಗೋಡೆಗೊರಗಿ, ಟಿವಿಯಿಂದ ಅಷ್ಟು ದೂರದಲ್ಲಿ ಕೂತು, ಆಟ ಶುರು ಮಾಡಿದರು.

ಕೆಂಪು ರೆಕ್ಕೆಗಳು ಅಂಗಳದ ತುಂಬ ಹರಡಿದ್ದವು. ಬಾಯಲ್ಲಿ ಒಂದು ಹಿಡಿ ಹುಲ್ಲಿತ್ತು. ಅತ್ತೆ ನೋಡಿದರು, ಕಣ್ಣುಜ್ಜಿಕೊಂಡು ಮತ್ತೆ ನೋಡಿದರು.

“ಅಯ್ಯೋ, ಇದರ ಹಾಲು ಕರೆಯೋಕೇನೇ ನಾನು ಇಷ್ಟು ದಿನ ಒದ್ದಾಡಿದ್ದು?”