ಹರಿದು ಹಂಚಿಕೊಂಡ ಕಾದಂಬರಿ

ಹಾಸ್ಟೆಲಿನ ಆ ಕೋಣೆಯಲ್ಲಿ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಒಂದೇ ಪ್ರೇಮ ಕಾದಂಬರಿಯನ್ನು ಭವ್ಯ, ಸಿಂಧು ಮತ್ತು ಇನ್ನೊಬ್ಬ ಗೆಳತಿ ಮೂವರೂ ಮೂರು ಭಾಗವಾಗಿ ಹರಿದು, ಕೈಗೆ ಸಿಕ್ಕ ಭಾಗವನ್ನೇ ಮೊದಲು ಓದಿದ್ದರು.

ಅಷ್ಟರಲ್ಲಿ ಭವ್ಯಳ ಪ್ರೀತಿಯ ವಿಷಯ ತಿಳಿದ ಅವಳಪ್ಪ ಅವಳನ್ನು ಊರಿಗೆ ಕರೆದೊಯ್ದು ಬೇರೆ ಕಡೆ ಮದುವೆ ಗೊತ್ತುಮಾಡಿದರು. ಪ್ರೀತಿಸಿದ ಹುಡುಗನೋ, "ನನ್ ಕೈಲಿ ಆಗಲ್ಲ, ಮರೆತುಬಿಡೋಕೆ ಹೇಳಿ" ಎಂದು ಸಿಂಧುವಿಗೆ ಹೇಳಿ ಜಾರಿಕೊಂಡಿದ್ದ. ಅದನ್ನು ಭವ್ಯಳಿಗೆ ಹೇಗೆ ಹೇಳುವುದೆಂದು ಸಿಂಧು ಒದ್ದಾಡುತ್ತಿರುವಾಗಲೇ ಭವ್ಯಳದೇ ಫೋನ್ ಬಂತು.

"ಅಪ್ಪ ಪಕ್ಕದಲ್ಲೇ ಇದಾರೆ ಕಣೇ. ಆ ಕಾದಂಬರಿ ಓದಿ ಮುಗಿಸಿದ್ಯಾ?"

"ಹೂಂ. ಅತ್ತೂ ಅತ್ತೂ ಮೂಗು ಕೆಂಪಾಗಿದೆ."

"ಕೊನೇಲಿ ಹುಡುಗ ಬರ್ತಾನಾ?"

ಸದ್ಯ, ಬರೀ ಕಾದಂಬರಿಯ ಮಾತು. ಸಿಂಧುವಿಗೆ ಹೋದ ಜೀವ ಬಂದಂತಾಯಿತು.

"ಬರದೆ ಇರ್ತಾನಾ? ಚಪ್ಪರದ ದಿನ ಬಂದು ಹಿತ್ತಲ ಬಾಗಿಲು ತಟ್ತಾನೆ. ಅವಳು ಅಲ್ಲೇ ಕಾಯ್ತಿರ್ತಾಳೆ."

"ಹಾಗಾದ್ರೆ ಸರಿ." ಭವ್ಯ ದನಿ ತಗ್ಗಿಸಿದಳು. "ಇನ್ಮೇಲೆ ಫೋನ್ ನನ್ನ ಹತ್ರ ಇರಲ್ಲ ಕಣೇ."

ಮಂಚದ ಮೇಲಿದ್ದ ಮೂರನೆಯವಳು ತಲೆಯೆತ್ತಿದಳು. "ಏನಂತೆ?"

"ಪಾಪ, ಕಾದಂಬರಿ ಹೇಗೆ ಮುಗಿಯುತ್ತೆ ಅಂತ ಕೇಳಿದ್ಲು."

"ಅವಳು ಯಾಕೆ ಕೇಳ್ತಾಳೆ? ಕೊನೇ ಭಾಗ ಓದಿ ನನ್ನ ಕೈಗೆ ಕೊಟ್ಟವಳೇ ಅವಳು."